ಆಪರೇಶನ್ ಆದವರಿಗೂ ಒಂದು ಮಾತು

ಬೀಜಾಡಿ, ಗೋಪಾಡಿ, ಕೋಟೇಶ್ವರದ ಬಂಧುಗಳೇ,

ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬರುತ್ತಾರೆ. ದೇವರಿಗೆ ಕೈಮುಗಿದು ಕಬ್ಬಿನ ಕೊಡಿ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಸಂತಾನ ಚಿಗುರಲಿ ಎಂಬ ಹಾರೈಕೆ ಅದು. ಊರಿಗೆ ಊರೇ ಅದರಲ್ಲಿ ಸೇರಿಕೊಳ್ಳುತ್ತದೆ, ಯಾರಿಗೂ ನಾಚಿಕೆಯಿಲ್ಲ. ಆದರೆ ಅದೇ ಜೋಡಿಗೆ ಸದ್ಯ ಮಗು ಬೇಡವೆನಿಸಿದರೆ ಏನು ಮಾಡಬೇಕು, ಒಬ್ಬರಿಂದ ಒಬ್ಬರಿಗೆ ರೋಗ ತಗಲದಂತೆ ಹೇಗೆ ನೋಡಿಕೊಳ್ಳಬೇಕು ಎಂದು ಹೇಳುವವರಿಲ್ಲ. ಹಿರಿಯರು ಹೇಳುವುದಿಲ್ಲ, ಕಿರಿಯರು ಕೇಳುವುದಿಲ್ಲ.

"ಆಪರೇಶನ್ ಆಯ್ತ್ ಅಲ್ದಾ, ಇನ್ನೆಂತ ಹೆದ್ರಿಕೆ?" ಎಂದು ಮಕ್ಕಳಾಗದಂತೆ ಆಪರೇಶನ್ ಮಾಡಿಸಿಕೊಂಡವರಿಗೆ ಹೇಳುವ ಮಾತು ನಮ್ಮಲ್ಲಿ ಬಹಳ. ನಾನು ಇಷ್ಟು ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಮಗು ಆಗದಂತೆ ತಡೆಯುವುದು ಬೇರೆ, ರೋಗ ತಡೆಯುವುದು ಬೇರೆ. ಎರಡನ್ನೂ ಒಂದೇ ಎಂದು ನಂಬಿ ನಮ್ಮ ಹೆಂಗಸರು ನೋವು ತಿನ್ನುತ್ತಿದ್ದಾರೆ.

ಆಪರೇಶನ್‌ನಲ್ಲಿ ವೈದ್ಯರು ಅಂಡನಾಳವನ್ನು ಮುಚ್ಚುತ್ತಾರೆ. ಅಂಡಾಣುವಿಗೂ ವೀರ್ಯಾಣುವಿಗೂ ಭೇಟಿಯಾಗುವುದಿಲ್ಲ, ಅಷ್ಟೇ. ರೋಗಾಣು ಒಳಗೆ ಬರುವ ದಾರಿ ಹಾಗೇ ತೆರೆದಿರುತ್ತದೆ. ಕಾಪರ್-ಟಿಯೂ ಒಳ್ಳೆಯ ಸಾಧನವೇ. 380ಎ ಎಂಬ ಬಗೆಯನ್ನು ಒಮ್ಮೆ ಹಾಕಿಸಿಕೊಂಡರೆ ಹತ್ತು ವರ್ಷ ನಡೆಯುತ್ತದೆ. ಮಾಲಾ-ಎನ್ ದಿನವೂ ನುಂಗುವ ಮಾತ್ರೆ. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದು ಮತ್ತು ವಾರದ ಮಾತ್ರೆ 'ಛಾಯಾ' 2017ರಿಂದ ಸರ್ಕಾರಿ ಆಸ್ಪತ್ರೆಗಳಿಗೆ ಬಂದಿವೆ. ಇವು ಯಾವುದನ್ನೂ ನಾನು ಹಳಿಯುವುದಿಲ್ಲ. ಆದರೆ ಸಿಫಿಲಿಸ್, ಗೊನೋರಿಯಾ, ಹೆಪಟೈಟಿಸ್-ಬಿ, ಎಚ್‌ಐವಿ, ಇವುಗಳಲ್ಲಿ ಒಂದನ್ನಾದರೂ ತಡೆಯುವ ಶಕ್ತಿ ಈ ಯಾವ ವಿಧಾನಕ್ಕೂ ಇಲ್ಲ. 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆಗೂ ಇಲ್ಲ.

ಎರಡೂ ಕೆಲಸ ಮಾಡುವುದು ಕಾಂಡೋಮ್. ನಮ್ಮ ಹಿರಿಯರ ಬಾಯಲ್ಲಿ ಅದು ನಿರೋಧ್. ಅದರ ಮಿತಿಯನ್ನೂ ಮುಚ್ಚಿಡಬಾರದು. ನೂರು ದಂಪತಿಗಳು ಒಂದು ವರ್ಷ ಅದನ್ನೊಂದೇ ನೆಚ್ಚಿಕೊಂಡರೆ, ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಸುಮಾರು 13 ಮಂದಿಗೆ ಗರ್ಭ ನಿಲ್ಲುತ್ತದೆ. ಪ್ರತಿ ಸಲವೂ ಸರಿಯಾಗಿ ಬಳಸಿದವರಲ್ಲಿ ಆ ಸಂಖ್ಯೆ 2. ಕಾಪರ್-ಟಿ ಅಥವಾ ಆಪರೇಶನ್ ಆದ ನೂರು ಮಂದಿಯಲ್ಲಿ ಒಬ್ಬರಿಗೂ ನಿಲ್ಲುವುದು ಅಪರೂಪ. ಹೀಗಾಗಿ ಗರ್ಭ ತಡೆಯಲು ಆಪರೇಶನ್ ಅಥವಾ ಕಾಪರ್-ಟಿ ಗಟ್ಟಿ, ಎಚ್‌ಐವಿ ಮತ್ತು ಗೊನೋರಿಯಾ ತಡೆಯಲು ಕಾಂಡೋಮ್ ಗಟ್ಟಿ. ಸಿಫಿಲಿಸ್, ಹರ್ಪಿಸ್‌ನಂಥವು ಕಾಂಡೋಮ್ ಮುಚ್ಚದ ಚರ್ಮದಿಂದಲೂ ಹರಡಬಲ್ಲವು. ಅಲ್ಲಿ ರಕ್ಷಣೆ ಸ್ವಲ್ಪ ಕಡಿಮೆ. ಅನುಮಾನಕ್ಕೆ ಎಡೆಯಿದ್ದರೆ ಆಪರೇಶನ್ ಅಥವಾ ಕಾಪರ್-ಟಿ ಇದ್ದರೂ ಜೊತೆಗೆ ಕಾಂಡೋಮ್ ಬಳಸಿ.

ಕರಾವಳಿಯ ನಮಗೆ ಇನ್ನೊಂದು ಸಂಗತಿ ತಿಳಿದಿರಲೇಬೇಕು. ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವುದು ನಮ್ಮ ರೂಢಿ. ಕಾಂಡೋಮ್‌ಗೆ ಮಾತ್ರ ಬೇಡ. ಎಣ್ಣೆ ಯಾವುದೇ ಇರಲಿ, ತಗಲಿದರೆ ರಬ್ಬರು ಬಲಗೆಟ್ಟು ಹರಿಯುತ್ತದೆ. ಜಾರಿಕೆ ಬೇಕಿದ್ದವರು ಔಷಧ ಅಂಗಡಿಯಲ್ಲಿ ಸಿಗುವ, ನೀರಿನಿಂದ ತಯಾರಿಸಿದ ಜೆಲ್ ಬಳಸಬೇಕು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು, ಬೈಕಿನ ಡಬ್ಬಿಯಲ್ಲಿ ಬಿಸಿಲು ತಿಂದದ್ದು ಕೆಲಸಕ್ಕೆ ಬಾರದು. ಅವಧಿ ಮುಗಿದಿದೆಯೇ ನೋಡಿ. ಒಂದರ ಮೇಲೊಂದು ಹಾಕಬೇಡಿ.

ಇನ್ನು ಗಂಡಸರಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ ದೇಶದಲ್ಲಿ ಆಪರೇಶನ್ ನೆಚ್ಚಿಕೊಂಡ ವಿವಾಹಿತ ಮಹಿಳೆಯರು ಶೇ. 37.9. ಗಂಡನೇ ಆಪರೇಶನ್ ಮಾಡಿಸಿಕೊಂಡದ್ದು ಶೇ. 0.3. ಗಂಡಸರ ಆಪರೇಶನ್ ಹೆಂಗಸರದ್ದಕ್ಕಿಂತ ಸಣ್ಣದು. ಹೊಲಿಗೆಯಿಲ್ಲ, ಅದೇ ದಿನ ಮನೆಗೆ ನಡೆದು ಬರಬಹುದು, ಗಂಡಸುತನಕ್ಕೆ ಏನೂ ಕುಂದಿಲ್ಲ. ಆಮೇಲೆ ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಬಸುರು, ಬಾಣಂತನ ಎಲ್ಲವನ್ನೂ ಹೊತ್ತ ಹೆಂಡತಿಯೇ ಇದನ್ನೂ ಹೊರಬೇಕೆಂಬುದು ಅನ್ಯಾಯ. ಅದನ್ನು ಅನ್ಯಾಯ ಎಂದೇ ಕರೆಯಬೇಕು.

ನಮ್ಮ ಊರಿನ ಗಂಡಸರು ಮಲ್ಪೆ, ಗಂಗೊಳ್ಳಿಯ ಬೋಟುಗಳಲ್ಲಿ ದಿನಗಟ್ಟಲೆ ಕಡಲಲ್ಲಿರುತ್ತಾರೆ. ಮುಂಬೈ, ಬೆಂಗಳೂರಿನ ಹೋಟೆಲುಗಳಲ್ಲಿ ತಿಂಗಳುಗಟ್ಟಲೆ ದುಡಿಯುತ್ತಾರೆ. ದೂರ ಹೋದವರೆಲ್ಲ ದಾರಿ ತಪ್ಪಿದವರು ಎಂದು ನಾನು ಹೇಳುತ್ತಿಲ್ಲ, ಯಾರೂ ಹಾಗೆ ಹೇಳಲೂ ಬಾರದು. ಮನೆಯಲ್ಲೇ ಇದ್ದವರಿಗೂ ಸೋಂಕು ಬರುತ್ತದೆ. ಆದರೆ ಎಲ್ಲೋ ಒಮ್ಮೆ ಎಡವಿದವರಿದ್ದರೆ ಅವರು ಹೆಂಡತಿಯ ಹತ್ತಿರ ಹೋಗುವ ಮೊದಲು ಪರೀಕ್ಷೆಗೆ ಹೋಗಬೇಕು. ಸಿಫಿಲಿಸ್‌ನ ಮೊದಲ ಹುಣ್ಣಿಗೆ ನೋವಿಲ್ಲ, ತಾನಾಗಿ ಮಾಯುತ್ತದೆ. ರೋಗ ಒಳಗೇ ಉಳಿಯುತ್ತದೆ, ಮುಂದೆ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಗೊನೋರಿಯಾ ತಗಲಿದ ಅನೇಕ ಹೆಂಗಸರಿಗೆ ಅದು ಗೊತ್ತೇ ಆಗುವುದಿಲ್ಲ. ಚಿಕಿತ್ಸೆಯಿಲ್ಲದೆ ಅಂಡನಾಳ ಕಟ್ಟಿಕೊಂಡು ಮಕ್ಕಳಾಗದಿದ್ದರೆ ಬಂಜೆ ಎಂಬ ಮಾತು ಕೇಳುವವಳೂ ಅವಳೇ.

ಅಕ್ಕತಂಗಿಯರೇ, ಬಿಳಿ ಸೆರಗು ವಾಸನೆ ಬರುತ್ತಿದ್ದರೆ, ಬಣ್ಣ ಬದಲಾಗಿದ್ದರೆ, ಕೆಳಹೊಟ್ಟೆ ನೋಯುತ್ತಿದ್ದರೆ ಉಷ್ಣ ಎಂದು ಎಳನೀರು ಕುಡಿದು ಸುಮ್ಮನಿರಬೇಡಿ. ಎಲ್ಲ ಬಿಳಿ ಸೆರಗೂ ಗಂಡನಿಂದ ಬಂದ ರೋಗವಲ್ಲ. ಅದನ್ನು ವೈದ್ಯರು ನೋಡಿ ಹೇಳಬೇಕು. ಲೈಂಗಿಕ ಸೋಂಕು ಎಂದಾದರೆ ಇಬ್ಬರೂ ಒಟ್ಟಿಗೆ ಮದ್ದು ತೆಗೆದುಕೊಳ್ಳಬೇಕು. ಒಬ್ಬರೇ ತೆಗೆದುಕೊಂಡರೆ ಮತ್ತೆ ತಗಲುತ್ತದೆ.

ಇದೆಲ್ಲ ಈಚಿನ ಪೇಟೆಯವರ ಮಾತು ಎನ್ನುವ ಹಿರಿಯರಿಗೆ ಒಂದು ವಿಷಯ: ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಮೈಸೂರು ಸಂಸ್ಥಾನ 1930ರಲ್ಲೇ ಆಜ್ಞೆ ಹೊರಡಿಸಿತ್ತು. 1968ರಲ್ಲಿ ನಿರೋಧ್ ಬಂದಾಗ ಮೂರಕ್ಕೆ 15 ಪೈಸೆಯಂತೆ ಚಹಾಪುಡಿ ಮಾರುವ ಅಂಗಡಿಗಳಲ್ಲೂ ಸಿಗುತ್ತಿತ್ತು. ವೈದ್ಯೆ, ಲೇಖಕಿ ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ' ಬರೆದು ಕನ್ನಡದ ಮನೆಮನೆಗೆ ಈ ವಿಷಯ ತಲುಪಿಸಿದರು. ಅಂಗಡಿಯವರಲ್ಲಿ ನನ್ನ ಬೇಡಿಕೆ ಇಷ್ಟೇ: ಕಾಂಡೋಮ್ ಕೇಳಲು ಬಂದವರ ಮುಖ ನೋಡಬೇಡಿ, ಹೆಂಗಸು ಕೇಳಿದರಂತೂ ಸುದ್ದಿ ಮಾಡಬೇಡಿ.

ಕುಂದಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. ಎಚ್‌ಐವಿ ಇದೆ ಎಂದು ಬಂದರೂ ಬದುಕು ಮುಗಿಯಿತೆಂದಲ್ಲ. ಎಆರ್‌ಟಿ ಮದ್ದು 2004ರಿಂದ ಉಚಿತ. ಅದನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಸಂಗಾತಿಗೆ ಸಂಭೋಗದಿಂದ ಹರಡುವುದಿಲ್ಲ. ಸಿಫಿಲಿಸ್ ಪೆನಿಸಿಲಿನ್‌ನಿಂದ ವಾಸಿಯಾಗುತ್ತದೆ. ಮುಖ ತೋರಿಸಲು ಸಂಕೋಚವೆನಿಸಿದರೆ 1097 ಸಹಾಯವಾಣಿಗೆ ಕರೆ ಮಾಡಿ, ಹೆಸರು ಹೇಳಬೇಕಾಗಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟುಗಳು ದಡದಲ್ಲಿರುತ್ತವೆ, ಗಂಡಸರು ಮನೆಯಲ್ಲಿರುತ್ತಾರೆ. ಆ 61 ದಿನಗಳಲ್ಲಿ ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕುಂದಾಪುರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.