ಕಣ್ಣು ಮುಚ್ಚಿ ಕೀಬೋರ್ಡ್ ಆರಿಸೋಣ



ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಒಂದು ಟ್ಯಾಬ್ಲೆಟ್ ಕೊಟ್ಟಿರುವುದು ನಿಮಗೆಲ್ಲ ಗೊತ್ತೇ ಇದೆ. ಈಗ ಅವರೇ "ಸಂಗೀತಕ್ಕೆ ಏನಾದ್ರೂ ತಗೊಳ್ರಿ" ಎಂದು ಸ್ವಲ್ಪ ಹಣವನ್ನೂ ಕೊಟ್ಟಿದ್ದಾರೆ. ಟ್ಯಾಬ್ಲೆಟ್‌ಗೆ ಜೋಡಿಸುವ ಕೀಬೋರ್ಡ್ ತರೋಣ ಎಂದು ಮಾತಾಗಿದೆ. ಆದರೆ ಯಾವುದನ್ನು ತರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಆಗುತ್ತದಂತೆ. ಅದಕ್ಕೂ ಮೊದಲು ನನ್ನ ಅಭಿಪ್ರಾಯವನ್ನು ಈ ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಆದರೂ ದಯವಿಟ್ಟು ಪೂರ್ತಿ ಓದಿ.

ನಮ್ಮ ಕ್ಲಾಸಿನಲ್ಲಿ ಈಗ ಮೂರು ಪಕ್ಷಗಳಾಗಿವೆ. ಬಣ್ಣ ಬಣ್ಣದ ದೀಪ ಮಿನುಗುವುದೇ ಬೇಕು ಎಂಬುದು ಒಂದು ಪಕ್ಷ. ಎಲ್ಲಕ್ಕಿಂತ ಚಿಕ್ಕದು, ಅಗ್ಗದ್ದು ಸಾಕು ಎಂಬುದು ಎರಡನೇ ಪಕ್ಷ. "ತಂದ್ರೆ 61 ಕೀ ಇರೋ ದೊಡ್ಡದೇ ತರ್ಬೇಕು, ಇಲ್ಲಾಂದ್ರೆ ಬ್ಯಾಡ" ಎಂಬುದು ಮೂರನೇ ಪಕ್ಷ. ನಾನು ಈ ಮೂರರಲ್ಲೂ ಇಲ್ಲ. ಕಣ್ಣು ಮುಚ್ಚಿಕೊಂಡು ನುಡಿಸಲು ಬರುವಂಥ ಕೀಬೋರ್ಡೇ ನಮ್ಮ ಶಾಲೆಗೆ ಸರಿಯಾದದ್ದು ಎಂಬುದು ನನ್ನ ಪಕ್ಷ. ಯಾಕೆ ಅಂತ ಹೇಳುತ್ತೇನೆ.

ಮೊದಲು ಈ ಯಂತ್ರ ಏನೆಂದು ತಿಳಿಯೋಣ. ಇದನ್ನು ಮಿಡಿ ಕಂಟ್ರೋಲರ್ ಅನ್ನುತ್ತಾರೆ. ಇದಕ್ಕೆ ಸ್ವಂತ ದನಿ ಇಲ್ಲ. ಭಜನೆ ಪೇಟಿಯಲ್ಲಿ ಗಾಳಿ ಇದೆ, ರೀಡ್ ಇದೆ, ಅದಕ್ಕೆ ದನಿ ಬರುತ್ತದೆ. ಇದರೊಳಗೆ ಅದ್ಯಾವುದೂ ಇಲ್ಲ. ನಾವು ಒಂದು ಕೀ ಒತ್ತಿದರೆ ಅದು ಟ್ಯಾಬ್ಲೆಟ್‌ಗೆ ಒಂದು ಪುಟ್ಟ ಚೀಟಿ ಕಳಿಸಿದ ಹಾಗೆ: "60ನೇ ನಂಬರಿನ ಸ್ವರ ಒತ್ತಿದ್ದಾರೆ, 90ರಷ್ಟು ಜೋರಾಗಿ ಒತ್ತಿದ್ದಾರೆ." ಆ ಚೀಟಿ ಓದಿಕೊಂಡು ಟ್ಯಾಬ್ಲೆಟ್ ದನಿ ಮಾಡುತ್ತದೆ. ಪಿಟೀಲು ಬೇಕಂದ್ರೆ ಪಿಟೀಲು, ಕೊಳಲು ಬೇಕಂದ್ರೆ ಕೊಳಲು. ಸ್ವರಕ್ಕೂ ಜೋರಿಗೂ 0 ಯಿಂದ 127ರವರೆಗೆ ಅಂಕಿಗಳಿವೆ. ಈ ಚೀಟಿಯ ಭಾಷೆಯ ಹೆಸರೇ ಮಿಡಿ. 1983ರಲ್ಲಿ ಇದು ಬಂತು. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೋ ಕಾಕೆಹಾಶಿ ಬೇರೆ ಬೇರೆ ಕಂಪನಿಯವರಾಗಿದ್ದರೂ ಎಲ್ಲರ ವಾದ್ಯಗಳೂ ಒಂದೇ ಭಾಷೆ ಆಡಲಿ ಎಂದು ದುಡಿದರು. ಅದಕ್ಕೆ 2013ರಲ್ಲಿ ಇಬ್ಬರಿಗೂ ಗ್ರ್ಯಾಮಿ ಸಂಸ್ಥೆಯ ತಾಂತ್ರಿಕ ಪ್ರಶಸ್ತಿ ಸಿಕ್ಕಿತು. ನಲವತ್ತು ವರ್ಷ ಕಳೆದರೂ ಆ ಭಾಷೆ ಹಳತಾಗಿಲ್ಲ. ಆದ್ದರಿಂದ ಮುಂದೆ ನಮ್ಮ ಟ್ಯಾಬ್ಲೆಟ್ ಕೆಟ್ಟರೂ ಕೀಬೋರ್ಡ್ ದಂಡ ಆಗುವುದಿಲ್ಲ, ಬೇರೆ ಟ್ಯಾಬ್ಲೆಟ್‌ಗೆ ಹಚ್ಚಬಹುದು.

"ಟ್ಯಾಬ್ಲೆಟ್ ಗಾಜಿನ ಮೇಲೇ ಪಿಯಾನೋ ಚಿತ್ರ ಬರ್ತದಲ್ಲ, ಮತ್ತ್ಯಾಕ ರೊಕ್ಕ ಹಾಕ್ಬೇಕು?" ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ಕ್ಲಾಸಿನಲ್ಲೇ ಇದೆ. ನಮ್ಮ ಜೊತೆ ಓದುವ ಒಬ್ಬ ಗೆಳೆಯನಿಗೆ ಕಣ್ಣು ಕಾಣುವುದಿಲ್ಲ. (ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ.) ಗುಡಿಯಲ್ಲಿ ಸೋಮವಾರದ ಭಜನೆಗೆ ಪೇಟಿ ಬಾರಿಸುವವನು ಅವನೇ. ಇಡೀ ಶಾಲೆಯಲ್ಲಿ ಅವನಷ್ಟು ಸ್ವರಜ್ಞಾನ ಯಾರಿಗೂ ಇಲ್ಲ. ಆದರೆ ಗಾಜಿನ ಮೇಲಿನ ಪಿಯಾನೋ ಅವನಿಗೆ ಬರೀ ನುಣುಪು ಗಾಜು. ಕರಿ ಕೀ ಎಲ್ಲಿ, ಬಿಳಿ ಕೀ ಎಲ್ಲಿ, ಬೆರಳಿಗೆ ಹೇಗೆ ತಿಳಿಯಬೇಕು? ಮುಟ್ಟಿದ್ದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಆಂಡ್ರಾಯ್ಡ್‌ನಲ್ಲಿ ಇದೆ. ಪಾಠ ಓದಲು ಅದು ಬಹಳ ಉಪಯೋಗ. ಆದರೆ ಅದರಲ್ಲಿ ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ಕೆಲಸ ಮಾಡುತ್ತದೆ. ಹಾಗೆ ತಟ್ಟುತ್ತ ಕೂತರೆ ಹಾಡು ಮುಗಿಯುವುದು ಯಾವಾಗ?

ಅಂದರೆ ಟ್ಯಾಬ್ಲೆಟ್ ಬಂದಾಗ ಶಾಲೆಯ ಎಲ್ಲರಿಗೂ ಸಂಗೀತದ ಬಾಗಿಲು ತೆರೆಯಿತು, ಸಂಗೀತ ಹೆಚ್ಚು ಬಲ್ಲವನಿಗೇ ಮುಚ್ಚಿತು. ಇದು ನ್ಯಾಯವೇ? ನೀವೇ ಹೇಳಿ.

ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದವರಿಲ್ಲ. ಅಲ್ಲಿನ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಆದರೂ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂ ಸೇರಿ ಹಲವು ವಾದ್ಯ ನುಡಿಸುತ್ತಿದ್ದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಕಲಿಯಲು ಕಣ್ಣೇ ಬೇಕೆಂದಿಲ್ಲ, ಕೈಗೆ ತಿಳಿಯುವ ವಾದ್ಯ ಬೇಕು ಎಂಬುದು ನಮ್ಮ ಭಾಗದ ಜನಕ್ಕೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ಹಾಗಾದರೆ ಎಂಥ ಕೀಬೋರ್ಡ್ ಕೈಗೆ ತಿಳಿಯುತ್ತದೆ? ಹುಬ್ಬಳ್ಳಿಯಲ್ಲಿ ರೆಕಾರ್ಡಿಂಗ್ ಕೆಲಸ ಮಾಡುವ ನಮ್ಮೂರ ಅಣ್ಣ ಒಬ್ಬರು ದೀಪಾವಳಿಗೆ ಬಂದಾಗ ಎರಡು ಬಗೆಯದ್ದನ್ನು ತಂದು ತೋರಿಸಿದರು. ಎರಡರಲ್ಲೂ 25 ಕೀ. ಒಂದು ಒಂದಡಿ ಸ್ಕೇಲಿಗಿಂತ ಸ್ವಲ್ಪ ಉದ್ದ, ಅದರ ಕೀಗಳೂ ಸಣ್ಣ. ಇನ್ನೊಂದರಲ್ಲಿ ಪೂರ್ತಿ ಅಳತೆಯ ಕೀಗಳು. ನಾವೆಲ್ಲ ಸಣ್ಣದನ್ನೇ ಮೆಚ್ಚಿದೆವು, ನೋಡೋಕೆ ಮುದ್ದಾಗಿತ್ತು. ಗೆಳೆಯ ಎರಡನ್ನೂ ಮುಟ್ಟಿ ನೋಡಿ "ಸಣ್ಣದ್ರಾಗ ನನ್ನ ಬಳ್ಳು ದಾರಿ ತಪ್ತಾವ, ಇದು ನಮ್ಮ ಪೇಟಿ ಹಂಗ ಐತಿ" ಎಂದು ದೊಡ್ಡ ಕೀ ಇರುವುದನ್ನು ಹಿಡಿದುಕೊಂಡ. ಆಮೇಲೆ ನಾನು ಕಣ್ಣು ಮುಚ್ಚಿ ಎರಡನ್ನೂ ಒತ್ತಿದೆ. ಅವನ ಮಾತು ನಿಜ. ಪಿಯಾನೋದಲ್ಲಿ ಒಂದು ಸಪ್ತಕ ಸುಮಾರು 16.5 ಸೆಂಟಿಮೀಟರ್ ಇರುತ್ತದೆ. ಮಿನಿ ಕೀಗಳಲ್ಲಿ ಅದಕ್ಕಿಂತ ಕಡಿಮೆ. ಅದರಲ್ಲಿ ಕಲಿತ ಕೈ ನಾಳೆ ಬೇರೆ ವಾದ್ಯಕ್ಕೆ ಹೋದರೆ ಮತ್ತೆ ಮೊದಲಿಂದ ಅಳತೆ ಕಲಿಯಬೇಕು. ಆದ್ದರಿಂದ ನನ್ನ ಮೊದಲ ಮಾತು: ಕೀಗಳ ಸಂಖ್ಯೆ ಕಡಿಮೆ ಇರಲಿ, ಅಗಲ ಕಡಿಮೆ ಆಗೋದು ಬೇಡ. 25 ಪೂರ್ತಿ ಅಳತೆಯ ಕೀ ಇರುವ ಮಾದರಿಗಳು ಸಿಗುತ್ತವೆ. ಎಂ-ಆಡಿಯೋದ ಆಕ್ಸಿಜನ್ 25, ಅಲೆಸಿಸ್‌ನ ವಿ 25 ಇವು ಅಂಥವು. ನಾನು ಯಾವ ಕಂಪನಿಗೂ ಪ್ರಚಾರ ಮಾಡುತ್ತಿಲ್ಲ, ಉದಾಹರಣೆಗೆ ಹೇಳಿದೆ ಅಷ್ಟೇ.

"25 ಕೀ ಯಾವ ಮೂಲೆಗೆ ಸಾಲ್ತದ? ಭಜನೆ ಪೇಟಿಗೇ 42 ಅದಾವ" ಎಂದು ಮೂರನೇ ಪಕ್ಷದವರು ಕೇಳುತ್ತಾರೆ. ಲೆಕ್ಕ ಹಾಕೋಣ. ನಾವು ಶಾಲೆಯಲ್ಲಿ ಹಾಡುವ ಪ್ರಾರ್ಥನೆ, ನಾಡಗೀತೆ, ಜಾನಪದ ಗೀತೆಗಳಿಗೆ ಮಂದ್ರದ ಪ ದಿಂದ ತಾರದ ಪ ವರೆಗೆ ಇದ್ದರೆ ಸಾಕೇ ಸಾಕು. 25 ಕೀ ಬೋರ್ಡಿನಲ್ಲಿ ಎಡತುದಿಯಿಂದ ಕರಿ ಬಿಳಿ ಎಲ್ಲ ಸೇರಿಸಿ ಎಣಿಸಿ, ಆರನೇ ಕೀಯನ್ನು ಸ ಎಂದು ಇಟ್ಟುಕೊಳ್ಳಿ. ಅದು ಬಿಳಿ ನಾಲ್ಕು. ಆಗ ಮೊದಲನೇ ಕೀ ಮಂದ್ರದ ಪ, 13ನೇ ಕೀ ಮಧ್ಯದ ಪ, 18ನೇ ಕೀ ತಾರದ ಸ, ಕೊನೆಯ 25ನೇ ಕೀ ತಾರದ ಪ. ಅಳತೆ ಕೊಟ್ಟು ಹೊಲಿಸಿದ ಅಂಗಿ ಹಾಗೆ ಸರಿಯಾಗಿ ಕೂರುತ್ತದೆ! ಇನ್ನೂ ಕೆಳಗೆ, ಮೇಲೆ ಬೇಕಾದರೆ ಆಕ್ಟೇವ್ ಗುಂಡಿ ಇದೆ. ಹುಡುಗಿಯರ ಶ್ರುತಿ ಬೇರೆ, ಹುಡುಗರ ಶ್ರುತಿ ಬೇರೆ ಆದರೆ ಟ್ರಾನ್ಸ್‌ಪೋಸ್ ಮಾಡಿಕೊಳ್ಳಬಹುದು. ಬೆರಳು ಅದೇ ಜಾಗದಲ್ಲಿ, ಶ್ರುತಿ ಮಾತ್ರ ಬದಲು. ಎರಡೂ ಕೈಯಿಂದ ಪಿಯಾನೋ ಪಾಠ ಕಲಿಯುವವರಿಗೆ 25 ಸಾಲದು, ಅದನ್ನು ಒಪ್ಪುತ್ತೇನೆ. ನಾವು ಕಲಿಯುತ್ತಿರುವುದು ಅದಲ್ಲ.

ಎರಡನೇ ಮಾತು ಸ್ವರ ಜಾರಿಸುವ ಬಗ್ಗೆ. ನಮ್ಮ ಸಂಗೀತದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಹೋಗುವುದೇ ಸೊಗಸು. ಹಾರ್ಮೋನಿಯಂನಲ್ಲಿ ಹಾಗೆ ಜಾರಲು ಬರುವುದಿಲ್ಲ. 1940ರಲ್ಲಿ ಆಕಾಶವಾಣಿಯವರು ಹಾರ್ಮೋನಿಯಂ ಬೇಡ ಎಂದಿದ್ದಕ್ಕೆ ಇದೂ ಒಂದು ಕಾರಣ. 1971ರಲ್ಲಿ ಆ ನಿರ್ಬಂಧ ಸಡಿಲವಾಯಿತು. ಮಿಡಿ ಕೀಬೋರ್ಡಿನಲ್ಲಿ ಜಾರಿಸಲು ಪಿಚ್ ಬೆಂಡ್ ಎಂಬುದಿದೆ. ಸಾಮಾನ್ಯವಾಗಿ ಅದು ಎರಡು ಕೀಗಳಷ್ಟು ದೂರ ಮೇಲೆ ಕೆಳಗೆ ಜಾರಿಸುತ್ತದೆ, ಆ್ಯಪ್‌ನಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಆದರೆ ಎಲ್ಲದರಲ್ಲೂ ಅದು ಒಂದೇ ಥರ ಇಲ್ಲ. ಕೆಲವದರಲ್ಲಿ ಚಕ್ರ, ಅಕಾಯ್ ಎಂಪಿಕೆ ಮಿನಿಯ ಕೆಲವು ಮಾದರಿಗಳಲ್ಲಿ ಪುಟ್ಟ ಕಡ್ಡಿ, ಆರ್ಟೂರಿಯಾ ಮಿನಿಲ್ಯಾಬ್‌ನಲ್ಲಿ ಮುಟ್ಟಿ ಸವರುವ ಪಟ್ಟಿ, ಇನ್ನು ಕೆಲವದರಲ್ಲಿ ಬರೀ ಗುಂಡಿ. ಗುಂಡಿ ಒತ್ತಿದರೆ ಎಷ್ಟು ಜಾರಬೇಕು ಎಂಬುದು ನಮ್ಮ ಬೆರಳಿನ ಹಿಡಿತದಲ್ಲಿ ಇರುವುದಿಲ್ಲ. ಚಕ್ರವಾದರೆ ಎಷ್ಟು ತಿರುಗಿದೆ ಎಂದು ಬೆರಳಿಗೇ ತಿಳಿಯುತ್ತದೆ, ಬಿಟ್ಟರೆ ತಾನೇ ನಡುವಿಗೆ ಬರುತ್ತದೆ. ಆದ್ದರಿಂದ ಚಕ್ರ ಇರುವುದೇ ಬೇಕು.

ಮೂರನೇ ಮಾತು ಮೊದಲ ಪಕ್ಷದವರಿಗೆ. ದೀಪ ಮಿನುಗುವ ಪ್ಯಾಡ್‌ಗಳಲ್ಲಿ ತಾಳ ಬಾರಿಸಬಹುದು, ಮಜಾ ಇರುತ್ತದೆ, ಸುಳ್ಳಲ್ಲ. ಆದರೆ ಡ್ರಮ್ ದನಿಯನ್ನು ಕೀಗಳಿಂದಲೂ ಬಾರಿಸಬಹುದು. ಸಾಮಾನ್ಯ ಪದ್ಧತಿಯಲ್ಲಿ 36ನೇ ನಂಬರು ದೊಡ್ಡ ಡ್ರಮ್, 38 ಸಣ್ಣ ಡ್ರಮ್. ಪ್ಯಾಡ್ ಇದ್ದರೆ ಇರಲಿ, ಅದರ ಆಸೆಗೆ ಕೀಯ ಅಗಲ ಮತ್ತು ಚಕ್ರ ಬಿಡುವುದು ಬೇಡ. ಪುಟ್ಟ ಪರದೆಯೊಳಗೆ ಹತ್ತು ಪಟ್ಟಿ ಇಳಿದು ಆರಿಸಬೇಕಾದ್ದು ಕೂಡ ಬೇಡ. ಆಕ್ಟೇವ್‌ಗೆ ಬೇರೆಯೇ ಎರಡು ಗುಂಡಿ ಇದ್ದರೆ ಯಾರನ್ನೂ ಕೇಳದೆ ಅವನೇ ಬದಲಾಯಿಸಿಕೊಳ್ಳುತ್ತಾನೆ. ಪೆಟ್ಟಿಗೆಯೊಳಗೆ "ಸಾಫ್ಟ್‌ವೇರ್ ಉಚಿತ" ಎಂದು ಬರೆದಿದ್ದಕ್ಕೂ ಮರುಳಾಗಬಾರದು. ಹೆಚ್ಚಾಗಿ ಕೊಡುವ ಏಬಲ್‌ಟನ್ ಲೈವ್ ಲೈಟ್ ಕಂಪ್ಯೂಟರ್‌ಗೆ, ಟ್ಯಾಬ್ಲೆಟ್‌ಗೆ ಅಲ್ಲ. ಗ್ಯಾರೇಜ್‌ಬ್ಯಾಂಡ್ ಉಚಿತ, ಆದರೆ ಅದು ಆಪಲ್‌ನವರ ಯಂತ್ರಗಳಿಗೆ ಮಾತ್ರ. ನಮ್ಮದು ಆಂಡ್ರಾಯ್ಡ್.

ಅಂಗಡಿಯಲ್ಲಿ ಕೇಳಬೇಕಾದ್ದು ಇನ್ನೂ ಕೆಲವಿವೆ. ಬೇರೆ ಡ್ರೈವರ್ ಹಾಕದೆ, ಹಚ್ಚಿದ ಕೂಡಲೇ ನಡೆಯುತ್ತದೆಯೇ? ಇದಕ್ಕೆ ಕ್ಲಾಸ್ ಕಂಪ್ಲಯಂಟ್ ಅನ್ನುತ್ತಾರೆ. ಆಂಡ್ರಾಯ್ಡ್ ಆರನೇ ಆವೃತ್ತಿಯಿಂದ, ಅಂದರೆ 2015ರಿಂದ, ಮಿಡಿ ಸೌಲಭ್ಯ ಅದರೊಳಗೇ ಇದೆ. ಟ್ಯಾಬ್ಲೆಟ್‌ನ ಕರೆಂಟಿನಿಂದಲೇ ಕೀಬೋರ್ಡ್ ಓಡುತ್ತದೆಯೇ? ಓಡಿದರೆ ಕರೆಂಟು ಹೋದಾಗಲೂ ಹಾಡು ನಿಲ್ಲುವುದಿಲ್ಲ. ಆದರೆ ದೀಪ ಹೆಚ್ಚಾದಷ್ಟೂ ಬ್ಯಾಟರಿ ಬೇಗ ಖಾಲಿ. ನಮ್ಮ ಟ್ಯಾಬ್ಲೆಟ್‌ಗೆ ತೂತು ಒಂದೇ ಇದೆ. ಅದಕ್ಕೆ ಕೀಬೋರ್ಡ್ ಹಚ್ಚಿದರೆ ಚಾರ್ಜ್ ಮಾಡುವುದೆಲ್ಲಿ? ಎರಡೂ ಆಗುವಂಥ ಹಬ್ ಬೇಕಾಗುತ್ತದೆ, ಅದರ ಹಣವನ್ನೂ ಮೊದಲೇ ಲೆಕ್ಕದಲ್ಲಿ ಹಿಡಿಯಬೇಕು. ಇನ್ನೊಂದು, ಬ್ಲೂಟೂತ್ ಸ್ಪೀಕರ್ ಬೇಡ. ಕೀ ಒತ್ತಿದ ಮೇಲೆ ದನಿ ತಡವಾಗಿ ಬಂದು ತಾಳ ತಪ್ಪುತ್ತದೆ. ಶಾಲೆಯ ಹಳೆ ಸ್ಪೀಕರ್ ಪೆಟ್ಟಿಗೆಗೆ ವೈರ್ ಹಾಕಿದರೆ ಸಾಕು.

ದೊಡ್ಡ ಕೀಬೋರ್ಡ್ ಬೇಕೆನ್ನುವವರ ಮಾತಿನಲ್ಲಿ ಒಂದು ಸತ್ಯ ಇದೆ. ಸ್ಪೀಕರ್ ಇರುವ 61 ಕೀ ವಾದ್ಯ ಟ್ಯಾಬ್ಲೆಟ್ ಇಲ್ಲದೆಯೂ ನುಡಿಯುತ್ತದೆ. ಆದರೆ ನಮ್ಮಲ್ಲಿ ದೊಡ್ಡ, ದುಬಾರಿ ವಸ್ತುವಿನ ಗತಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಬಟ್ಟೆ ಹೊದಿಸಿ ಬೀರುವಿನಲ್ಲಿ ಇಡುತ್ತಾರೆ, ಆಗಸ್ಟ್ ಹದಿನೈದಕ್ಕೆ ಹೊರಗೆ ಬರುತ್ತದೆ. ಚಿಕ್ಕದಾದರೆ ಒಬ್ಬ ಹುಡುಗಿ ಎತ್ತಿಕೊಂಡು ಕ್ಲಾಸಿನಿಂದ ಕ್ಲಾಸಿಗೆ ಹೋಗಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಒಬ್ಬನ ಸಲುವಾಗಿ ಎಲ್ಲರ ಹಣ ಯಾಕ?" ಎಂದೂ ಯಾರೋ ಅಂದರು. ನಾನು ಮೇಲೆ ಹೇಳಿದ್ದನ್ನೆಲ್ಲ ಇನ್ನೊಮ್ಮೆ ನೋಡಿ. ಪೂರ್ತಿ ಅಳತೆಯ ಕೀ, ಚಕ್ರ, ಬೇರೆ ಬೇರೆ ಗುಂಡಿ, ಹಚ್ಚಿದ ಕೂಡಲೇ ನಡೆಯುವುದು. ಇದರಲ್ಲಿ ಕಣ್ಣಿದ್ದವರಿಗೆ ನಷ್ಟ ಆಗುವಂಥದ್ದು ಯಾವುದಿದೆ? ಅವನಿಗೆ ಒಳ್ಳೆಯದಾದದ್ದು ಒಂದನೇ ಕ್ಲಾಸಿನ ಮಗುವಿಗೂ ಒಳ್ಳೆಯದೇ. ಬರೀ ನಮಗೆ ಚಂದ ಕಂಡದ್ದನ್ನು ತಂದರೆ ಮಾತ್ರ ಅವನು ಹೊರಗೆ ಉಳಿಯುತ್ತಾನೆ.

ಆದ್ದರಿಂದ ಹೆಡ್‌ಮಾಸ್ತರರಲ್ಲಿ ನನ್ನ ವಿನಂತಿ ಇಷ್ಟೇ. ಕೀಬೋರ್ಡ್ ತರಲು ಹುಬ್ಬಳ್ಳಿಗೆ ಹೋಗುವಾಗ ನಮ್ಮ ಟ್ಯಾಬ್ಲೆಟ್ ಜೊತೆಗೆ ನಮ್ಮ ಗೆಳೆಯನನ್ನೂ ಕರೆದುಕೊಂಡು ಹೋಗಿ. ಟ್ಯಾಬ್ಲೆಟ್‌ಗೆ ಹಚ್ಚಿ ನೋಡಿ, ಅವನ ಕೈಗೆ ಕೊಡಿ. ಅವನು ಯಾರ ಸಹಾಯವೂ ಇಲ್ಲದೆ ಒಂದು ಹಾಡು ನುಡಿಸಿದ ಕೀಬೋರ್ಡಿಗೆ ಮಾತ್ರ ದುಡ್ಡು ಕೊಡಿ. ಗೆಳೆಯರೇ, ನಿಮಗೂ ಇದು ಸರಿ ಅನ್ನಿಸಿದರೆ ಕೆಳಗಿನ ಖಾಲಿ ಹಾಳೆಯಲ್ಲಿ ಸಹಿ ಮಾಡಿ. ಸರಿ ಅಲ್ಲ ಅನ್ನಿಸಿದರೆ ಯಾಕೆ ಅಂತ ಬರೆಯಿರಿ, ಸಭೆಗೆ ಎರಡನ್ನೂ ಕೊಡೋಣ.

ಜೈ ಹಿಂದ್, ಜೈ ಕರ್ನಾಟಕ ಮಾತೆ.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ