ಕಾಲು ಕಿಲೋ ರಾಗಿಯ ಲೆಕ್ಕ

ಮುದ್ದೆ ಮುರಿಯುವಾಗ ಅಂಕಿ-ಅಂಶಗಳ ನೆನಪು ಯಾರಿಗೂ ಬಾರದು. ಆದರೆ ನ್ಯಾಯಬೆಲೆ ಅಂಗಡಿಗೆ ರಾಗಿ ಬಂದೀತೆ, ಬಂದರೆ ಎಷ್ಟು, ಎಂಬ ಪ್ರಶ್ನೆಯ ಬೇರು ಚನ್ನರಾಯಪಟ್ಟಣದ ಯಾವುದೋ ಹೊಲದಲ್ಲಿ ಹಗ್ಗ ಕಟ್ಟಿ ಗುರುತಿಸಿದ ಪುಟ್ಟ ಚೌಕವೊಂದರಲ್ಲಿದೆ ಎಂದರೆ ವಾಚಕರು ನಂಬುವರೇ?

ಇದಕ್ಕೆ ಬೆಳೆ ಕಟಾವು ಪ್ರಯೋಗವೆಂದು ಹೆಸರು. ಹಿಂದೆ ಬದುವಿನ ಮೇಲೆ ನಿಂತು, ‘ಈ ವರ್ಷ ಹತ್ತಾಣೆ ಬೆಳೆ’ ಎಂದು ಕಣ್ಣಳತೆಯಿಂದಲೇ ಹೇಳುತ್ತಿದ್ದುದುಂಟು. ಅದರಲ್ಲಿ ಊರಿನವರ ಮೇಲಿನ ಮರುಕವೂ ಬೆರೆಯುತ್ತಿತ್ತು, ಮೇಲಧಿಕಾರಿಯ ಭಯವೂ ಬೆರೆಯುತ್ತಿತ್ತು. ಮಹಲನೋಬಿಸ್, ಸುಖಾತ್ಮೆ ಮೊದಲಾದ ಸಂಖ್ಯಾಶಾಸ್ತ್ರಜ್ಞರು 1940ರ ದಶಕದಲ್ಲಿ ಕಣ್ಣಿನ ಬದಲು ತಕ್ಕಡಿಯನ್ನು ನಂಬುವ ಮಾರ್ಗವನ್ನು ಬೆಳೆಸಿದರು. ಹೊಲವನ್ನು ಯಾರ ಇಷ್ಟಕ್ಕೂ ಬಿಡದೆ, ಚೀಟಿ ಎತ್ತಿದಂತೆ ಆರಿಸುತ್ತಾರೆ. 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡನ್ನು ಅಳೆದು, ತೆನೆ ಕೊಯ್ದು, ಒಕ್ಕಿ, ತೂರಿ, ತೂಗುತ್ತಾರೆ. ಬಂದ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ತೂಗುವಾತ ಕಾಲು ಕಿಲೋ ತಪ್ಪಿದರೆ ಹೆಕ್ಟೇರಿಗೆ ಒಂದು ಕ್ವಿಂಟಾಲು ರಾಗಿ ಕಾಗದದ ಮೇಲೆ ಹುಟ್ಟಿತು, ಇಲ್ಲವೆ ಸತ್ತಿತು!

ಅನಂತರದ ಕೆಲಸ ಅರ್ಥಶಾಸ್ತ್ರಜ್ಞರದು. ಬಿತ್ತನೆಯ ವಿಸ್ತೀರ್ಣ, ಮಳೆ, ಇಳುವರಿ, ಪೇಟೆಯ ಧಾರಣೆ ಇವುಗಳನ್ನು ಹೆಣೆದು, ಒಂದು ಬದಲಾದರೆ ಮಿಕ್ಕವು ಹೇಗೆ ಬದಲಾಗುವುವೆಂದು ಮುಂದಾಗಿಯೇ ಎಣಿಸುತ್ತಾರೆ. ಗಣಿತದ ಮಾದರಿ ಎಂಬುದು ಇದನ್ನೇ. ರಾಗಿಯ ಬೆಂಬಲ ಬೆಲೆ 2017-18ರಲ್ಲಿ ಕ್ವಿಂಟಾಲಿಗೆ 1,900 ರೂಪಾಯಿ, ಮರುವರ್ಷ 2,897. ಬೆಲೆ ಒಮ್ಮೆಗೇ ಇಷ್ಟು ಏರಿದಾಗ ಎಷ್ಟು ಮಂದಿ ರಾಗಿ ಬಿತ್ತಿಯಾರು, ಖರೀದಿ ಕೇಂದ್ರಕ್ಕೆ ಎಷ್ಟು ಮೂಟೆ ಬಂದೀತು, ಇಡಲು ಗೋದಾಮೆಲ್ಲಿ ಎಂದು ಮೊದಲೇ ಎಣಿಸಬೇಡವೆ?

ಆದರೆ ಸರಾಸರಿಯೆಂಬುದು ಉಪಕಾರಿಯಾದಂತೆ ವಂಚಕವೂ ಹೌದು. ಸಕಲೇಶಪುರದ ಜಡಿಮಳೆಯನ್ನೂ ಅರಸೀಕೆರೆಯ ಒಣನೆಲವನ್ನೂ ಕೂಡಿಸಿ ಭಾಗಿಸಿದರೆ ಹಾಸನ ಜಿಲ್ಲೆ ಸುಭಿಕ್ಷವಾಗಿಯೇ ಕಂಡೀತು. ಹೊಳೆನರಸೀಪುರದಲ್ಲಿ ಹೇಮಾವತಿಯ ನೀರುಂಡ ಗದ್ದೆ ನಳನಳಿಸುವಾಗಲೇ ಚನ್ನರಾಯಪಟ್ಟಣದಲ್ಲಿ ಮಳೆ ನಂಬಿದ ಹೊಲ ಬಾಡಿರಬಹುದು. ಅರಕಲಗೂಡಿನ ರೈತನ ಆಲೂಗೆಡ್ಡೆಗೆ ಅಂಗಮಾರಿ ರೋಗ ತಗುಲಿದರೆ, ಇಲ್ಲವೆ ಧಾರಣೆ ಕುಸಿದರೆ, ಪೇಟೆಯ ತುಂಬ ಅಕ್ಕಿಯಿದ್ದರೂ ಅವನ ಮನೆಗೆ ಬಾರದು. ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ, 1943ರ ಬಂಗಾಳದ ಕ್ಷಾಮವನ್ನು ಪರೀಕ್ಷಿಸಿ ಹೇಳಿದ್ದೂ ಇಂಥದೇ ಮಾತು: ಧಾನ್ಯವಿದ್ದೂ ಕೊಳ್ಳುವ ಶಕ್ತಿಯಿಲ್ಲದೆ ಜನ ಸಾಯಬಹುದು. ಸರಾಸರಿಯಲ್ಲಿ ಇಂಥವರು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇನ್ನು, ಲೆಕ್ಕ ಸರಿಯಿದ್ದ ಮಾತ್ರಕ್ಕೂ ಸಾಲದು. ನಮ್ಮ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಅಲ್ಲಿನ ಇಥಿಯೋಪಿಯದಲ್ಲಿ 1984ರ ಭೀಕರ ಕ್ಷಾಮ ಕಂಡ ಮೇಲೆ, ಮಳೆ, ಬೆಳೆ, ಬೆಲೆಗಳನ್ನು ನೋಡಿ ಹಸಿವನ್ನು ಮುಂಚಿತವಾಗಿ ಸಾರುವ ವ್ಯವಸ್ಥೆಯೊಂದನ್ನು ಅಮೆರಿಕ 1985ರಲ್ಲಿ ಕಟ್ಟಿತು. ಅಂತಃಕಲಹದಿಂದ ಜರ್ಜರಿತವಾದ ನೆರೆಯ ಸೊಮಾಲಿಯಕ್ಕೆ ಕೇಡು ಕಾದಿದೆಯೆಂದು ಅದು 2010ರಲ್ಲೇ ಎಚ್ಚರಿಸಿತು. ನೆರವು ತಡವಾಯಿತು. 2011ರ ಜುಲೈ 20ರಂದು ಕ್ಷಾಮ ಘೋಷಣೆಯಾಯಿತು. ಸತ್ತವರು ಸುಮಾರು 2,60,000 ಮಂದಿಯೆಂದು ಅಂದಾಜು. ಅವರಲ್ಲಿ ಅರ್ಧದಷ್ಟು ಐದು ವರ್ಷ ತುಂಬದ ಕೂಸುಗಳು.

ಹೊಲದಲ್ಲಿ ತಕ್ಕಡಿ ಹಿಡಿಯುವವನಿಗೆ ಪ್ರಾಮಾಣಿಕತೆ ಬೇಕು. ಕಚೇರಿಯಲ್ಲಿ ಅಂಕಿ ಓದುವವನಿಗೆ ಅವಸರ ಬೇಕು. ಪಟ್ಟಣಿಗರಾದ ನಮಗೂ ಒಂದು ಕೆಲಸವುಂಟು. ‘ಈ ವರ್ಷ ದಾಖಲೆ ಬೆಳೆ’ ಎಂಬ ಸುದ್ದಿಯನ್ನು ಓದಿದಾಗ, ಯಾವ ತಾಲ್ಲೂಕಿನಲ್ಲಿ, ಯಾರ ಕಣಜದಲ್ಲಿ, ಎಂದು ಕೇಳುವುದು.