ಮನೆ ಬದಲಾದಾಗ ಮಕ್ಕಳು

ಉಜ್ಜಿನಿಯ ಶ್ರೀ ಮರುಳಸಿದ್ಧೇಶ್ವರರ ಶಿಖರ ತೈಲಾಭಿಷೇಕಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಭಕ್ತರೊಬ್ಬರು, "ಊರು ಬಿಟ್ಟು ವರ್ಷವಾಯಿತು, ಹುಡುಗ ಹೊಂದಿಕೊಂಡಿದ್ದಾನೆ, ಗಲಾಟೆಯೇ ಇಲ್ಲ" ಎಂದು ನಮ್ಮೊಡನೆ ಸಂತೋಷದಿಂದ ಅರುಹಿದರು. ಎಂಟು ವರ್ಷದ ಆ ಬಾಲಕನನ್ನು ನಾವು ಮಾತನಾಡಿಸಿದೆವು. ಅವನು ಕೇಳಿದ್ದು ಒಂದೇ: "ಅಜ್ಜಾರ, ನಮ್ಮ ಹಳೇ ಮನಿ ಕೀಲಿಕೈ ಯಾರ ಹತ್ರ ಐತಿ?"

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬುದು ಈ ಸೀಮೆಯ ನಾಣ್ಣುಡಿ. ದೇಗುಲದ ಕೆತ್ತನೆಯನ್ನು ಕುರಿತ ಈ ಮಾತು ಮೌನಿಯಾದ ಮಗುವಿಗೂ ಸಲ್ಲುತ್ತದೆ.

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಹಿನ್ನೀರಿಗೆ ನಾರಾಯಣದೇವರಕೆರೆ ಮುಳುಗಿದಾಗ, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದರು. ತಮ್ಮ ದೈವಗಳನ್ನೂ ಕರೆತಂದರು. ಹಿರಿಯರಿಗೇ ಹಳೆಯ ಊರಿನದೊಂದು ಆಸರೆ ಬೇಕಾಯಿತೆಂದ ಮೇಲೆ ಮಕ್ಕಳಿಗೆ ಬೇಡವೇ? ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ನಾವು ಮೊದಲು ಎಸೆಯುವುದು ಅವರ ಮುರುಕು ಆಟಿಕೆಯನ್ನೇ! ಅದನ್ನು ಕೊನೆಗೆ ಕಟ್ಟಿ, ಮೊದಲು ಬಿಚ್ಚಿರಿ. ಹೊರಡುವ ಮುನ್ನ ಅವರ ಗೆಳೆಯರನ್ನು ಕರೆದು ಊಟಕ್ಕಿಕ್ಕಿರಿ. ಹೊಸ ಮನೆಯಲ್ಲಿಯೂ ಪೂಜೆ, ಊಟ, ನಿದ್ರೆಗಳ ವೇಳೆ ಹಿಂದಿನದೇ ಇರಲಿ. ಅತ್ತರೆ ಅಳಲಿ; ಕೈಗೆ ಫೋನು ಕೊಟ್ಟು ಸುಮ್ಮನಾಗಿಸುವುದು ಸಾಂತ್ವನವಲ್ಲ.

ಮರುದಿನ ಆ ತಂದೆ ಮಗನೊಡನೆ ಹೋಗಿ ಹಳೆಯ ಮನೆಯ ಕದ ತೆರೆದರಂತೆ. ಗೋಡೆಯಲ್ಲಿ ತನ್ನ ಎತ್ತರಕ್ಕೆ ಎಳೆದಿದ್ದ ಗೆರೆಯ ಪಕ್ಕ ನಿಂತು, ಹುಡುಗ ವರ್ಷದ ಮೇಲೆ ಮೊದಲ ಬಾರಿಗೆ ಅತ್ತನಂತೆ.